ಅಜ್ಜನ ಬಡಗಿ ಕೆಲಸದಿಂದ ಶುರುಮಾಡಿ

ನಮಸ್ಕಾರ.

ಜರ್ಮನಿಯ ಉತ್ಪನ್ನ ವಿನ್ಯಾಸಕಾರ ಡೀಟರ್ ರಾಮ್ಸ್ ಬಗ್ಗೆ ನೀವು ಕಳಿಸಿದ ‘ಸರಳತೆಯ ಸಾಧಕ’ ಲೇಖನ ಓದಿದೆವು. ಈಗಿರುವ ಹಾಗೆ ಪ್ರಕಟಿಸಲಾಗದು. ತಿದ್ದಿ ಕಳಿಸಿದರೆ ಮತ್ತೆ ನೋಡುತ್ತೇವೆ.

‘ಸರಳ’, ‘ಅದ್ಭುತ’, ‘ದಾರ್ಶನಿಕ’ ಪ್ಯಾರಾಕ್ಕೆ ಎರಡು ಸಲ ಬರುತ್ತವೆ. ಆದರೆ ಆ ಮನುಷ್ಯ ಮಾಡಿದ ಒಂದೇ ಒಂದು ವಸ್ತುವೂ ಓದುಗರ ಕಣ್ಣಿಗೆ ಕಟ್ಟುವುದಿಲ್ಲ. ಹೊಗಳಿಕೆ ತೆಗೆದುಹಾಕಿ, ವಸ್ತುವನ್ನು ಬಿಚ್ಚಿ ತೋರಿಸಿ.

1956ರಲ್ಲಿ ಬಂದ ಬ್ರೌನ್ ಕಂಪನಿಯ ಎಸ್‌ಕೆ 4 ರೇಡಿಯೊ-ಗ್ರಾಮಫೋನನ್ನೇ ತಗೊಳ್ಳಿ. ‘ರಾಮ್ಸ್ ಅವರ ಮೇರುಕೃತಿ’ ಅಂತ ಒಂದು ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಆಗಿನ ರೇಡಿಯೊಗಳು ಪಾಲಿಶ್ ಹೊಡೆದ ಮರದ ಪೆಟ್ಟಿಗೆಗಳು, ಮೇಲೆ ಚಿನ್ನದ ಬಣ್ಣದ ಪಟ್ಟಿ ಬೇರೆ. ಇದಕ್ಕಾದರೋ ಬಗ್ಗಿಸಿದ ಬಿಳಿ ತಗಡಿನ ಒಡಲು, ಎರಡು ಬದಿಗೆ ಮರದ ಹಲಗೆ. ಮುಚ್ಚಳವೂ ಲೋಹದ್ದೇ ಆಗಬೇಕಿತ್ತು. ಸದ್ದು ಏರಿಸಿದರೆ ಅದು ನಡುಗಿ ಗಡಗಡ ಅನ್ನುತ್ತಿತ್ತು. ಹಾಗಾಗಿ ಪಾರದರ್ಶಕ ಅಕ್ರಿಲಿಕ್ ಬಂತು. ಅದು ಬಂದದ್ದೇ, ಮುಚ್ಚಿಟ್ಟಾಗಲೂ ಗ್ರಾಮಫೋನಿನ ತಟ್ಟೆ, ಗುಂಡಿಗಳೆಲ್ಲ ಕಾಣತೊಡಗಿದವು. ಮೇಲ್ಮೈಯಲ್ಲಿ ಯಾವುದನ್ನೂ ಹೇಗೆಂದರೆ ಹಾಗೆ ಇಡುವಂತಿರಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ ಕಥೆಯ ರಾಜಕುಮಾರಿಯನ್ನು ನೆನೆದು ಜನ ‘ಸ್ನೋ ವೈಟ್‌ಳ ಶವಪೆಟ್ಟಿಗೆ’ ಅಂತ ಅಡ್ಡಹೆಸರಿಟ್ಟರು. ಸದ್ದಿನ ತೊಂದರೆಯೊಂದು ರೂಪವನ್ನು ಹೇಗೆ ತೀರ್ಮಾನಿಸಿತು ಅನ್ನುವುದೇ ನಿಮ್ಮ ಲೇಖನದ ಜೀವಾಳ ಆಗಬಹುದಿತ್ತು.

ಇನ್ನೊಂದು ಮಾತು: ಅದು ಒಬ್ಬರ ಕೆಲಸವಲ್ಲ. ಉಲ್ಮ್ ವಿನ್ಯಾಸ ಶಾಲೆಯ ಹಾನ್ಸ್ ಗುಗೆಲೊಟ್ ಜೊತೆಗಿದ್ದರು. 1987ರ ಇಟಿ 66 ಕ್ಯಾಲ್ಕುಲೇಟರ್‌ನಲ್ಲಿ ಡೀಟ್ರಿಶ್ ಲುಬ್ಸ್ ಇದ್ದಾರೆ. ನಿಮ್ಮ ಲೇಖನದಲ್ಲಿ ಇಬ್ಬರ ಹೆಸರೂ ಇಲ್ಲ. ಕಾರ್ಖಾನೆಯ ವಸ್ತುವನ್ನು ಕವಿತೆಯ ಹಾಗೆ ಒಬ್ಬರ ಖಾತೆಗೆ ಬರೆಯುವುದು ಈ ಬಗೆಯ ಬರಹಗಳಲ್ಲಿ ಪದೇ ಪದೇ ಕಾಣುವ ತಪ್ಪು. ‘1955ರಲ್ಲಿ ವಿನ್ಯಾಸ ವಿಭಾಗದ ಮುಖ್ಯಸ್ಥರಾದರು’ ಅನ್ನುವುದೂ ಸರಿಯಲ್ಲ. 1955 ಬ್ರೌನ್ ಸೇರಿದ ವರ್ಷ. ಮುಖ್ಯಸ್ಥರಾಗಿದ್ದು 1961ರಿಂದ 1995ರವರೆಗೆ.

‘ಹುಟ್ಟು ವಿನ್ಯಾಸಕಾರ’ ಅಂದಿರಲ್ಲ, ಅದನ್ನು ಹೊಡೆದುಹಾಕಿ. 1932ರಲ್ಲಿ ವೀಸ್‌ಬಾಡನ್‌ನಲ್ಲಿ ಹುಟ್ಟಿದವರು, ಅಜ್ಜ ಬಡಗಿ. ಓದಿದ್ದು ವಾಸ್ತುಶಿಲ್ಪ, ಅದನ್ನೂ ನಡುವೆ ಕೆಲಕಾಲ ನಿಲ್ಲಿಸಿ ಮರಗೆಲಸ ಕಲಿತರು. ಆಮೇಲೆ ಓಟೊ ಆಪೆಲ್ ಎಂಬ ವಾಸ್ತುಶಿಲ್ಪಿಯ ಕಚೇರಿ. ಬ್ರೌನ್ ಕಂಪನಿ ರಾಮ್ಸ್ ಅವರನ್ನು ಕರೆದದ್ದೂ ಕೋಣೆಗಳ ಒಳವಿನ್ಯಾಸಕ್ಕೇ, ರೇಡಿಯೊಕ್ಕಲ್ಲ. ಕೋಣೆ ಮೊದಲು, ಅದರೊಳಗಿನ ಯಂತ್ರ ಆಮೇಲೆ: ಅವರ ಕೆಲಸದ ರೀತಿಗೆ ಇಲ್ಲಿಂದಲೇ ದಾರಿ ಸಿಗುತ್ತದೆ. ಲೇಖನವೂ ಇಲ್ಲಿಂದಲೇ ಹೊರಡಲಿ. ಐಪಾಡ್ ಮತ್ತು 1958ರ ಟಿ3 ರೇಡಿಯೊ ಹೋಲಿಕೆಯ ಆರಂಭ ಎಲ್ಲರೂ ಬರೆದು ಸವೆದದ್ದು.

ಒಳ್ಳೆಯ ವಿನ್ಯಾಸ ಹೇಗಿರಬೇಕೆಂದು ರಾಮ್ಸ್ ಹೇಳಿದ ಹತ್ತು ಸೂತ್ರಗಳ ಪಟ್ಟಿ ಲೇಖನದ ಮೂರನೇ ಒಂದು ಪಾಲು ತಿಂದಿದೆ. ಒಂದನ್ನು ಇಟ್ಟುಕೊಳ್ಳಿ, ಬಹುಶಃ ಬಾಳಿಕೆಯದು. ಅದಕ್ಕೆ ಉದಾಹರಣೆಯಾಗಿ 1960ರ 606 ಶೆಲ್ಫನ್ನು ತನ್ನಿ: ಗೋಡೆಗೆ ಅಲ್ಯೂಮಿನಿಯಂ ಪಟ್ಟಿ, ಅದರ ತೂತಿಗೆ ಅಲ್ಯೂಮಿನಿಯಂ ಗೂಟ, ಗೂಟದ ಮೇಲೆ ಶೆಲ್ಫಿನ ತಟ್ಟೆ. ಪಟ್ಟಿ ಕೂರಿಸಿದ ಮೇಲೆ ತಟ್ಟೆ ಏರಿಸಿಳಿಸಲು ಯಾವ ಹತಾರವೂ ಬೇಡ. ಮನೆ ಬದಲಾದರೆ ಬಿಚ್ಚಿಕೊಂಡು ಹೋಗಬಹುದು. ವಿಟ್ಸೋ ಕಂಪನಿ ಇವತ್ತಿಗೂ ತಯಾರಿಸುತ್ತಿದೆ.

ಕೊನೆಯ ‘ಹವ್ಯಾಸಗಳು’ ಭಾಗ ಬಯೋಡೇಟಾದಂತಿದೆ. ಕ್ರೋನ್‌ಬರ್ಗ್‌ನ ಮನೆ, ಜಪಾನಿ ಮಾದರಿಯ ತೋಟ, ಬೊನ್ಸಾಯ್, ಜಾಝ್, ಎಲ್ಲವನ್ನೂ ಅಲ್ಪವಿರಾಮ ಹಾಕಿ ಪೋಣಿಸಿದ್ದೀರಿ. ಆ ಮನೆಯಲ್ಲಿ ಅವರೇ ರೂಪಿಸಿದ ಶೆಲ್ಫು, ಕುರ್ಚಿಗಳಿವೆ. ಕೂತು, ಬಳಸಿ, ಸವೆಸಿ ನೋಡಿದ ವಸ್ತುಗಳು. ಅದನ್ನು ಶೆಲ್ಫಿನ ಪ್ಯಾರಾದ ಬೆನ್ನಿಗೇ ಕೂರಿಸಿ, ಬೇರೆ ತಲೆಬರಹ ಬೇಡ. ಬೊನ್ಸಾಯ್ ಇರಲಿ: ವರ್ಷಗಟ್ಟಲೆ ಕತ್ತರಿಸುತ್ತಲೇ ಇರಬೇಕಾದ ಗಿಡ, ವಿವರಿಸಲು ಹೋಗಬೇಡಿ. ಜಾಝ್ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲದಿದ್ದರೆ ಬಿಡಿ.

ಒಟ್ಟು 800 ಪದ ಸಾಕು. ಎಸ್‌ಕೆ 4ರ ಚಿತ್ರ ಒಂದಿರಲಿ, ಮುಚ್ಚಳ ತೆರೆದದ್ದು. ಅಡಿಬರಹದಲ್ಲಿ ರಾಮ್ಸ್, ಗುಗೆಲೊಟ್ ಇಬ್ಬರ ಹೆಸರೂ ಬರಲಿ.