ಒಂದೇ ದಿನಕ್ಕೆ ವಂಡರ್‌ಲಾಗೆ ಹೋದರೆ ಮೊದಲು ಯಾವ ರೈಡ್ ಹತ್ತಬೇಕು?

ಕಾರವಾರದಿಂದ ರಾತ್ರಿ ರೈಲು, ಬೆಳಗ್ಗೆ ಬೆಂಗಳೂರು, ಕೈಯಲ್ಲಿ ಒಂದೇ ದಿನ, ಜೊತೆಗೆ 10 ಮತ್ತು 13 ವರ್ಷದ ಮಕ್ಕಳು. ವಂಡರ್‌ಲಾ ಪಾರ್ಕಿನ ದೊಡ್ಡ ರೈಡುಗಳಲ್ಲಿ ರಿಕಾಯಿಲ್ ಅನ್ನುವ ರೋಲರ್ ಕೋಸ್ಟರ್ ಮೊದಲೋ ಮಾವೆರಿಕ್ ಮೊದಲೋ ಅಂತ ಕೇಳಿದ್ದೀರಿ. ರೈಲಿನ ಜಾಗದಲ್ಲಿ ಶಿರಸಿ ಬಸ್ಸು ಅಂತ ಹಾಕಿದರೆ ಇದು 2018ರ ಏಪ್ರಿಲ್‌ನಲ್ಲಿ ನಾನೇ ಕೇಳುತ್ತಿದ್ದ ಪ್ರಶ್ನೆ.

ನಾವು ಐದು ಜನ ಹೋಗಿದ್ದೆವು. ಅಕ್ಕ, ಭಾವ, ಅವರ ಮಗಳು, ಮಗ, ನಾನು. ಮಗಳಿಗೆ ಆಗ 14. ಮಾಣಿಗೆ 10. (ನಮ್ಮ ಕಡೆ ಹುಡುಗನಿಗೆ ಮಾಣಿ ಅನ್ನುತ್ತೇವೆ. ಹೆಸರು ಬರೆದರೆ ಅವನು ನನ್ನ ಜೊತೆ ಮಾತು ಬಿಡುತ್ತಾನೆ, ಹಾಗಾಗಿ ಮಾಣಿ ಅಂತಲೇ ಇರಲಿ.) ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ ಆ ವರ್ಷವೇ ಆಗಿತ್ತು. ಜಾತ್ರೆಯಲ್ಲಿ ಮಾಣಿ ದೊಡ್ಡ ತೊಟ್ಟಿಲು ಹತ್ತಿ, ಕೊಲಂಬಸ್ ಹತ್ತಿ, ಕೆಳಗಿಳಿದವನೇ "ಇಷ್ಟೇನಾ?" ಅಂದಿದ್ದ. ತೋಟದಲ್ಲಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಒಂದು ಮರದಿಂದ ಇನ್ನೊಂದಕ್ಕೆ ದಾಟುವುದನ್ನು ನೋಡಿ ಬೆಳೆದ ಹುಡುಗ. ಅವನಿಗೆ ತೊಟ್ಟಿಲು ಯಾವ ಲೆಕ್ಕ? ಆ ಮಾತು ಕೇಳಿ ಖುಷಿಯಾಗಿ ನಾನೇ, "ಬೇಸಿಗೆ ರಜೆಗೆ ವಂಡರ್‌ಲಾಗೆ ಕರ್ಕೊಂಡು ಹೋಗ್ತೆ" ಅಂತ ಮಾತು ಕೊಟ್ಟೆ.

ಆಮೇಲೆ ನನ್ನ ತಯಾರಿ ಶುರುವಾಯಿತು. ಪಾರ್ಕಿನಲ್ಲಿ 60ಕ್ಕೂ ಜಾಸ್ತಿ ಆಟಗಳಿವೆ. ಬೆಳಗ್ಗೆ 11ಕ್ಕೆ ಬಾಗಿಲು ತೆಗೆದರೆ ಸಂಜೆ 6ರ ತನಕ ಏಳು ತಾಸು. ಭಾಗ ಮಾಡಿ ನೋಡಿದೆ, ಒಂದೊಂದಕ್ಕೆ 7 ನಿಮಿಷ. ಆಗದ ಮಾತು. ಹಾಗಾಗಿ ಮೂರು ರಾತ್ರಿ ಕೂತು ವಿಡಿಯೊ ನೋಡಿದೆ. ಸೊಸೈಟಿಯವರು ಕೊಟ್ಟ ಡೈರಿಯಲ್ಲಿ ಎರಡು ಪುಟ ಪಟ್ಟಿ ಮಾಡಿದೆ. ಮೊದಲ ಸಾಲಿನಲ್ಲಿ ರಿಕಾಯಿಲ್, ಅದರ ಕೆಳಗೆ ಎರಡು ಗೆರೆ. ಮಾಣಿ ಆ ಪುಟವನ್ನು ಬಾಯಿಪಾಠ ಮಾಡಿದ್ದ.

ದೊಡ್ಡ ರೈಡುಗಳಿಗೆ 140 ಸೆಂ.ಮೀ. ಎತ್ತರ ಬೇಕು ಅನ್ನುವುದು ನನಗೆ ಗೊತ್ತಿತ್ತು. ಇದನ್ನು ಒತ್ತಿ ಹೇಳುತ್ತೇನೆ, ಗೊತ್ತಿತ್ತು. ಗೊತ್ತಿಲ್ಲದೆ ಎಡವಿದ್ದರೆ ಇಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಅಕ್ಕನ ಮನೆ ಶಿರಸಿಯಿಂದ ಹುಲೇಕಲ್ ಕಡೆ ಹೋಗುವ ರಸ್ತೆಯಲ್ಲಿದೆ. ಜಗಲಿಯಿಂದ ಒಳಗೆ ಹೋಗುವ ಬಾಗಿಲಿನ ದಾರಂದದ ಮೇಲೆ ಪ್ರತಿ ಚೌತಿಗೆ ಮತ್ತು ಯುಗಾದಿಗೆ ಮಕ್ಕಳ ಎತ್ತರಕ್ಕೆ ಪೆನ್ಸಿಲ್ ಗೆರೆ ಬೀಳುತ್ತದೆ. ಆ ವರ್ಷದ ಯುಗಾದಿಯ ಗೆರೆ ಹಾಗೇ ಇತ್ತು. ನಾನು ಟೇಪು ತಂದು ಅಳೆದೆ. 141. ಮತ್ತೊಮ್ಮೆ ಅಳೆದೆ. ಮತ್ತೆ 141. "ಒಂದು ಸೆಂಟಿಮೀಟರ್ ಜಾಸ್ತಿಯೇ ಇದೆ ಮಾಣಿ, ಗೆದ್ದೆ" ಅಂದೆ.

ಅಷ್ಟಕ್ಕೇ ನಿಲ್ಲಿಸಲಿಲ್ಲ. ಅಲ್ಲಿ ಟಿಕೆಟ್ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. 85 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಟಿಕೆಟ್ ಇಲ್ಲ, 140ರ ತನಕ ಮಕ್ಕಳ ಟಿಕೆಟ್, ಅದಕ್ಕಿಂತ ಮೇಲೆ ದೊಡ್ಡವರದ್ದು. ನಾನು ಎದೆಯುಬ್ಬಿಸಿ ಮಾಣಿಗೂ ದೊಡ್ಡವರ ಟಿಕೆಟ್ಟೇ ತೆಗೆಸಿದೆ. ಭಾವ ಹಣದ ವಿಷಯದಲ್ಲಿ ಗಟ್ಟಿ ಮನುಷ್ಯ, ಒಮ್ಮೆ ಮುಖ ನೋಡಿದರು. "ಭಾವ, ಅವನೀಗ ದೊಡ್ಡವನು" ಅಂದೆ. ಜಾಸ್ತಿ ಹಣ ಕೊಟ್ಟವನನ್ನು ಗೇಟಿನಲ್ಲಿ ಯಾರು ನಿಲ್ಲಿಸಿ ಅಳೆಯುತ್ತಾರೆ ಹೇಳಿ.

ಹಾವೇರಿ, ದಾವಣಗೆರೆ, ಚಿತ್ರದುರ್ಗ, ತುಮಕೂರು ಅಂತ ರಾತ್ರಿಯಿಡೀ ಬಸ್ಸು. ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಬಿಡದಿ ಕಡೆಗೆ ಮತ್ತೆ 28 ಕಿ.ಮೀ. ಈಗ ಚಲ್ಲಘಟ್ಟದ ತನಕ ಮೆಟ್ರೊ ಇದೆ, ಆಗ ಇರಲಿಲ್ಲ. ಬಿಡದಿಯ ತಟ್ಟೆ ಇಡ್ಲಿ ತಿಂದು, ಬಾಗಿಲು ತೆಗೆಯುವ ಮೊದಲೇ ಗೇಟಿನಲ್ಲಿ ನಿಂತೆವು. ತೆಗೆದದ್ದೇ ತಡ, ಓಡಿದೆವು. "ದೊಡ್ಡ ರೈಡ್ ಮೊದಲು, ಸಾಲು ಬೆಳೆಯುವ ಮೊದಲು" ಅಂತ ಎಲ್ಲರೂ ಹೇಳುತ್ತಾರಲ್ಲ, ಹಾಗೆ. ಎಲ್ಲರೂ ಹೇಳುವುದರಿಂದ ಎಲ್ಲರೂ ಅಲ್ಲಿಗೇ ಓಡುತ್ತಾರೆ, ಸಾಲು ಆಗಲೇ ಬೆಳೆದಿರುತ್ತದೆ. ಬಿಸಿಲಲ್ಲಿ ಐವತ್ತು ನಿಮಿಷ ನಿಂತೆವು. ಸಾಲಿನ ಬುಡದಲ್ಲೇ ಎತ್ತರದ ಬೋರ್ಡ್ ಇತ್ತು. ಅದರ ಪಕ್ಕದಲ್ಲೇ ದಾಟಿ ಹೋದೆ. ನನ್ನ ಹತ್ತಿರ 141 ಇತ್ತಲ್ಲ, ಯಾಕೆ ನೋಡಲಿ?

ನಮ್ಮ ಸರದಿ ಬಂದಾಗ ಅಲ್ಲಿದ್ದ ಹುಡುಗ ಮಾಣಿಯನ್ನು ಅಳತೆ ಕೋಲಿನ ಪಕ್ಕ ನಿಲ್ಲಿಸಿದ. ಗೆರೆ ಮಾಣಿಯ ತಲೆಯಿಂದ ಎರಡು ಬೆರಳು ಮೇಲಿತ್ತು. ನಾನು ವಾದ ಮಾಡಿದೆ. ಮನೆಯಲ್ಲಿ ಅಳೆದಿದ್ದೇವೆ ಅಂದೆ, ಟಿಕೆಟ್ ನೋಡಿ ಅಂದೆ, ನಿಮ್ಮ ಕೋಲು ಸರಿಯಿದೆಯಾ ಅಂತಲೂ ಕೇಳಿದೆ. ಅವನು ತಾಳ್ಮೆಯಿಂದಲೇ ಹೇಳಿದ: "ಸಾರ್, ಧೈರ್ಯದ ಪ್ರಶ್ನೆ ಅಲ್ಲ. ಭುಜದ ಮೇಲೆ ಬರುವ ಲಾಕ್ ಇದೆಯಲ್ಲ, ಅದು ಮೈ ಅಳತೆಗೆ ಮಾಡಿದ್ದು. ಚಿಕ್ಕ ಮೈ ಆದರೆ ಸಂದಿ ಉಳಿಯುತ್ತೆ. ತಲೆಕೆಳಗಾದಾಗ ಆ ಸಂದಿಯೇ ಅಪಾಯ." ಅವನು ಹೇಳಿದ್ದು ನೂರಕ್ಕೆ ನೂರು ಸರಿ. ಹಿಂದಿದ್ದವರು ಗೊಣಗಲು ಶುರು ಮಾಡಿದ್ದರು.

ಒಂದು ನಿಮಿಷದಲ್ಲಿ ತೀರ್ಮಾನ ಆಗಬೇಕಿತ್ತು. ಭಾವ ಮತ್ತು ಮಗಳು ಹತ್ತಿದರು. ಅಕ್ಕ ಮೊದಲೇ ನೆರಳು ಹುಡುಕಿ ಹೋಗಿದ್ದಳು. ಮಾಣಿಯ ಕೈ ಹಿಡಿದು ನಾನು ಸಾಲಿನಲ್ಲಿ ಹಿಂದಕ್ಕೆ ನಡೆದೆ. ಮುಂದೆ ಬರುತ್ತಿದ್ದವರೆಲ್ಲ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಬೈದಿದ್ದರೂ ಅಷ್ಟು ಕಷ್ಟ ಆಗುತ್ತಿರಲಿಲ್ಲ.

ಬೆಂಚಿನ ಮೇಲೆ ಕೂತು ನೋಡಿದೆವು. ರಿಕಾಯಿಲ್ ಗೊತ್ತಲ್ಲ, ರೈಲನ್ನು ಮೊದಲು ಹಿಮ್ಮುಖವಾಗಿ ಮೇಲಕ್ಕೆ ಎಳೆಯುತ್ತಾರೆ. ಅಲ್ಲಿಂದ ಬಿಟ್ಟರೆ ಮೂರು ಸಲ ತಲೆಕೆಳಗಾಗಿ ಆ ಕಡೆ ಏರುತ್ತದೆ. ಮತ್ತೆ ಅದೇ ದಾರಿಯಲ್ಲಿ ಹಿಂದಕ್ಕೆ ಮೂರು ಸಲ. ಮಾಣಿ ಒಂದೊಂದನ್ನೂ ಎಣಿಸಿದ. ಆರು. ಮುಂದಿನ ರೈಲು ಬಂತು, ಅದನ್ನೂ ಎಣಿಸಿದ. ಅಳಲಿಲ್ಲ. ಅತ್ತಿದ್ದರೆ ಐಸ್‌ಕ್ರೀಮ್ ಕೊಡಿಸಬಹುದಿತ್ತು. ಸ್ವಲ್ಪ ಹೊತ್ತಿನ ಮೇಲೆ "ಮಾವ, ಈಗ ಎಂತ ಮಾಡದು?" ಅಂದ. ಡೈರಿ ತೆಗೆದು ನೋಡಿದೆ. ಮೊದಲ ಪುಟದ ಎಂಟು ಆಟಗಳಲ್ಲಿ ಆರಕ್ಕೆ ಅವನ ಎತ್ತರ ಸಾಲದು. ಮೂರು ರಾತ್ರಿಯ ಪಟ್ಟಿ ಅವನ ಪಾಲಿಗೆ ರದ್ದಿ.

ಹಾಗಾದರೆ 141 ಎಲ್ಲಿಂದ ಬಂತು? ದಾರಿಯುದ್ದಕ್ಕೂ ಇದೇ ತಲೆಯಲ್ಲಿ. ಮನೆಗೆ ಬಂದವನೇ ಚಪ್ಪಲಿ ಬಿಡುವ ಮೊದಲೇ ದಾರಂದದ ಹತ್ತಿರ ಹೋದೆ. ಗೆರೆ ಸರಿಯಾಗಿತ್ತು. ಟೇಪು ಸರಿಯಾಗಿತ್ತು. ಸರಿ ಇಲ್ಲದ್ದು ನೆಲ. ಹಿಂದಿನ ವರ್ಷ ಅಕ್ಕ ಒಳಗೆ ಹಳೆಯ ಕೆಂಪು ನೆಲದ ಮೇಲೆಯೇ ಟೈಲ್ಸ್ ಹಾಕಿಸಿದ್ದಳು. ಕೆಳಗಿನ ಸಿಮೆಂಟ್, ಮೇಲಿನ ಟೈಲ್ಸ್ ಎಲ್ಲ ಸೇರಿ ಒಳಗಿನ ನೆಲ ಒಂದೂವರೆ ಇಂಚು ಮೇಲೆ ಬಂದಿತ್ತು. ಜಗಲಿ ಹಳೆಯದೇ. ಯುಗಾದಿಯ ದಿನ ಮಾಣಿ ನಿಂತದ್ದು ಒಳಗೆ, ಟೈಲ್ಸ್ ಮೇಲೆ. ನಾನು ಅಳೆದದ್ದು ಹೊರಗೆ ಜಗಲಿಯಲ್ಲಿ ನಿಂತು, ಅಲ್ಲಿಂದ ಬೆಳಕು ಚೆನ್ನಾಗಿ ಬೀಳುತ್ತದೆ ಅಂತ. ನಡುವೆ ಹೊಸಿಲು ಇರುವುದರಿಂದ ಎರಡು ನೆಲದ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ, ಕಾಲು ಹೇಗೂ ಎತ್ತಿಯೇ ಇಡುತ್ತೇವೆ. ಒಂದೂವರೆ ಇಂಚು ಅಂದರೆ 3.8 ಸೆಂ.ಮೀ. 141ರಲ್ಲಿ ಅದನ್ನು ಕಳೆಯಿರಿ. 137 ಚಿಲ್ಲರೆ. ಅಷ್ಟೇ ಇದ್ದ ಅವನು. ಗೆರೆಯನ್ನು ಅಳೆಯುವ ಬದಲು ಮಾಣಿಯನ್ನೇ ಗೋಡೆಗೆ ನಿಲ್ಲಿಸಿ, ತಲೆ ಮೇಲೊಂದು ಪುಸ್ತಕ ಇಟ್ಟು ಅಳೆದಿದ್ದರೆ ಎರಡು ನಿಮಿಷದ ಕೆಲಸ. ಅವನು ಅಲ್ಲೇ ಪಕ್ಕದಲ್ಲಿ ನಿಂತು ನಾನು ಅಳೆಯುವುದನ್ನು ನೋಡುತ್ತಿದ್ದ!

ಇದನ್ನೆಲ್ಲ ಇಷ್ಟುದ್ದ ಯಾಕೆ ಹೇಳಿದೆ ಅಂದರೆ ನಿಮ್ಮ ಚಿಕ್ಕ ಮಗುವಿಗೂ 10. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯಲ್ಲಿ 10 ವರ್ಷ ತುಂಬಿದ ಮಕ್ಕಳ ನಡುಮಟ್ಟದ ಎತ್ತರ ಸುಮಾರು 138 ಸೆಂ.ಮೀ. ಅಂದರೆ ಆ 140ರ ಗೆರೆ ಸರಿಯಾಗಿ ಈ ವಯಸ್ಸಿನ ಮಕ್ಕಳ ತಲೆಯ ಹತ್ತಿರವೇ ಬಂದು ಕೂರುತ್ತದೆ. 7 ವರ್ಷದ ಮಗುವಾದರೆ ಅನುಮಾನವೇ ಇಲ್ಲ, ಆಗಲ್ಲ. 10 ಮತ್ತು 11ರಲ್ಲೇ ಮನೆಯವರು ಮೋಸ ಹೋಗುವುದು.

ಹಾಗಾಗಿ ಯಾವ ರೈಡ್ ಮೊದಲು ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ನೀವು ರೈಡುಗಳ ಪಟ್ಟಿ ಮಾಡುತ್ತಿದ್ದೀರಿ, ಜನರ ಪಟ್ಟಿ ಮಾಡಿ. ಯಾರಿಗೆ ಯಾವುದು ಆಗುತ್ತದೆ, ಯಾರಿಗೆ ಆಗಲ್ಲ, ಆಗದವರ ಜೊತೆ ಹೊರಗೆ ಯಾರು ನಿಲ್ಲುತ್ತಾರೆ. ಈ ಕೊನೆಯದನ್ನು ಮನೆಯಲ್ಲೇ ಮಾತಾಡಿಕೊಳ್ಳಿ, ಸಾಲಿನ ತುದಿಯಲ್ಲಿ ಅಲ್ಲ. ಒಂದು ರೈಡಿಗೆ ಅಪ್ಪ ದೊಡ್ಡವನ ಜೊತೆ ಹೋದರೆ ಮುಂದಿನದಕ್ಕೆ ಅಮ್ಮ ಹೋಗಲಿ. ಹೊರಗೆ ಉಳಿದವರು ಸುಮ್ನೆ ಬೆಂಚಿನ ಮೇಲೆ ಕೂರಬಾರದು, ಅದೇ ಹೊತ್ತಿಗೆ ಚಿಕ್ಕವನಿಗೆ ಆಗುವ ಇನ್ನೊಂದು ಆಟಕ್ಕೆ ಹೋಗಬೇಕು. ನಾನು ಬೆಂಚಿನ ಮೇಲೆ ಕೂರಿಸಿ ಅವನಿಗೆ ಸಿಗದದ್ದನ್ನು ತೋರಿಸಿದೆ. ಅಳತೆಯಷ್ಟೇ ದೊಡ್ಡ ದಡ್ಡತನ ಅದು.

ಇನ್ನೊಂದು ಪಟ್ಟಿ, ವಾಂತಿಯದ್ದು. ಕಾರವಾರದವರಾದ್ದರಿಂದ ಕೇಳುತ್ತೇನೆ, ಅರಬೈಲ್ ಘಾಟಿಯಲ್ಲಿ ನಿಮ್ಮ ಮನೆಯಲ್ಲಿ ಯಾರು ಕಿಟಕಿ ಹುಡುಕುತ್ತಾರೆ? ನಮಗೆ ದೇವಿಮನೆ ಘಾಟಿಯೇ ಪರೀಕ್ಷೆ. ಘಾಟಿಯಲ್ಲಿ ತಲೆ ತಿರುಗುವವರು ಗಿರಗಿರ ತಿರುಗುವ ರೈಡುಗಳನ್ನು ಬಿಟ್ಟುಬಿಡಲಿ. ಒಳಗಿವಿಗೆ ಮೈ ತಿರುಗಿದ್ದು ಗೊತ್ತಾಗುತ್ತದೆ, ಕಣ್ಣು ಬೇರೆಯದೇ ಹೇಳುತ್ತದೆ, ಮಧ್ಯೆ ಸಿಕ್ಕಿಕೊಳ್ಳುವುದು ಹೊಟ್ಟೆ. ಅಂಥವರಿಗೂ ರೋಲರ್ ಕೋಸ್ಟರ್ ಎಷ್ಟೋ ಸಲ ನಡೆಯುತ್ತದೆ, ಎರಡು ನಿಮಿಷದಲ್ಲಿ ಮುಗಿಯುವುದರಿಂದ. ಭಾವ ಆವತ್ತು ಆರು ಸಲ ತಲೆಕೆಳಗಾಗಿಯೂ ನಗುತ್ತಾ ಇಳಿದರು, ಆಮೇಲೆ ಸುತ್ತು ತಿರುಗುವ ಒಂದು ಸಾಧಾರಣ ಆಟದಲ್ಲಿ ತಟ್ಟೆ ಇಡ್ಲಿಯ ಲೆಕ್ಕ ಒಪ್ಪಿಸಿದರು. ಹಡಗಿನಂತೆ ತೂಗುವ ಆಟವಾದರೆ ನಡುವಿನ ಸೀಟು ಹಿಡಿಯಿರಿ, ತುದಿಯ ಸೀಟೇ ಜಾಸ್ತಿ ಎತ್ತರಕ್ಕೆ ಹೋಗುವುದು.

ಮನೆ ಮುಂದೆ ಸಮುದ್ರ ಇಟ್ಟುಕೊಂಡವರು ಅಲೆಗಳ ಕೊಳಕ್ಕೆ ಯಾಕೆ ಸಮಯ ಕೊಡಬೇಕು ಅಂತ ನಿಮಗೆ ಅನಿಸಬಹುದು. ನನಗೂ ಅನಿಸಿತ್ತು, ಪಟ್ಟಿಯಲ್ಲಿ ಹಾಕಿರಲೇ ಇಲ್ಲ. ಆದರೆ ಆವತ್ತು ಮಾಣಿಯ ಮುಖ ಸರಿಯಾದದ್ದು ಅಲ್ಲೇ. ಗೋಕರ್ಣದಲ್ಲಾಗಲಿ ಮುರ್ಡೇಶ್ವರದಲ್ಲಾಗಲಿ ಅಕ್ಕ ಅವನನ್ನು ಮೊಣಕಾಲಿಗಿಂತ ಮುಂದೆ ಬಿಟ್ಟವಳೇ ಅಲ್ಲ. ಇಲ್ಲಿ ಎದೆಮಟ್ಟದ ನೀರಿನಲ್ಲಿ ನಿಂತು ಅಲೆ ಬಂದಾಗ ಹಾರಬಹುದು, ಕಾಯುವವರಿದ್ದಾರೆ, ಎಳೆದುಕೊಂಡು ಹೋಗುವ ಸುಳಿಯಿಲ್ಲ. ಒಂದೂವರೆ ತಾಸು ಹೊರಗೆ ಬರಲಿಲ್ಲ. ಅಲ್ಲಿಂದ ಮಳೆ ಸುರಿಯುವ ಡಿಸ್ಕೋಗೆ ಹೋದ, ಅಲ್ಲಿ ನೀರು ಬೆಚ್ಚಗಿರುತ್ತದೆ. ಅಲ್ಲಿಂದಲೂ ಬರಲಿಲ್ಲ. ಸಂಜೆ ಬಸ್ಸಿನಲ್ಲಿ ಅವನು ಮಾತಾಡಿದ್ದೆಲ್ಲ ನೀರಿನ ಬಗ್ಗೆಯೇ. ರಿಕಾಯಿಲ್ ಸುದ್ದಿ ಎತ್ತಲಿಲ್ಲ, ಅವನ ಅಕ್ಕ ಹೇಳಿಕೊಳ್ಳಲು ಹೋದಾಗ ಕಿಟಕಿ ಕಡೆ ತಿರುಗಿದ.

ನೀರಿಗೆ ನೈಲಾನ್ ಬಟ್ಟೆ ತಗೊಂಡು ಹೋಗಿ, ಹತ್ತಿಯದ್ದು ನಡೆಯಲ್ಲ. ನೀರಿಗೆ ಒಂದೇ ಸಲ ಇಳಿಯಿರಿ. ನಾವು ನೆನೆದು, ಬಟ್ಟೆ ಬದಲಿಸಿ, ಇನ್ನೊಂದು ರೈಡ್ ಹತ್ತಿ, ಮತ್ತೆ ನೀರಿಗೆ ಹೋಗಿ ಬರೀ ಬಟ್ಟೆ ಬದಲಿಸುವುದರಲ್ಲೇ ಮುಕ್ಕಾಲು ತಾಸು ಕಳೆದೆವು. ಸಾಲು ತಪ್ಪಿಸುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಭಾನುವಾರಕ್ಕಾದರೆ ಯೋಚಿಸಿ, ಮಂಗಳವಾರ ಬುಧವಾರ ಹೋಗುವವರಾದರೆ ಆ ಹಣ ಉಳಿಸಿ. ಅದಕ್ಕಿಂತ ಭಾನುವಾರ ಹೋಗದೇ ಇರುವುದು ಒಳ್ಳೆಯದು.

ರಿಕಾಯಿಲ್ಲೋ ಮಾವೆರಿಕ್ಕೋ ಅನ್ನುವುದನ್ನು ನಿಮ್ಮ 13 ವರ್ಷದವರೇ ಹೇಳಲಿ ಬಿಡಿ. ನಿಮ್ಮ ಚಿಕ್ಕವರ ಎತ್ತರ ಎಷ್ಟು ಅಂತ ಮಾತ್ರ ಕೆಳಗೆ ಬರೆಯಿರಿ. ಬರಿಗಾಲಲ್ಲಿ, ಗೋಡೆಗೆ ನಿಲ್ಲಿಸಿ. ಟೈಲ್ಸ್ ಯಾವಾಗ ಹಾಕಿಸಿದ್ದು ಅಂತಲೂ ಬರೆಯಿರಿ.