ಅಡ್ಮಿನ್ ಪಾಸ್‌ವರ್ಡ್ ಯಾರ ಕೈಯಲ್ಲಿರಬೇಕು?

ಪ್ರಶ್ನೆ: ನಾನು ಪ್ರೌಢಶಾಲೆಯೊಂದರ ಶಿಕ್ಷಕಿ. ನಮ್ಮ ಲ್ಯಾಬ್‌ನ ಕಂಪ್ಯೂಟರ್‌ಗಳಲ್ಲಿ ಉಬುಂಟು 24.04 (ವಿಂಡೋಸ್‌ನಂತಹದೇ ಒಂದು ಕಾರ್ಯಾಚರಣಾ ವ್ಯವಸ್ಥೆ) ಇದೆ. ಎಲ್ಲದರಲ್ಲೂ ಒಂದೇ ಖಾತೆ, ಒಂದೇ ಪಾಸ್‌ವರ್ಡ್. ಲಾಗಿನ್ ಆಗಲು ಅದೇ ಬೇಕಾದ್ದರಿಂದ ಮಕ್ಕಳಿಗೆಲ್ಲ ಗೊತ್ತು. ಮೊನ್ನೆ ಯಾರೋ ಒಂದು ಕಂಪ್ಯೂಟರಿನಿಂದ ಹಲವು ತಂತ್ರಾಂಶಗಳನ್ನು ತೆಗೆದುಹಾಕಿದ್ದಾರೆ. ಪಾಸ್‌ವರ್ಡ್ ಬದಲಿಸಿದರೆ ಸಾಕೆ?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ಸಾಲದು. ಹೊಸ ಪಾಸ್‌ವರ್ಡನ್ನೂ ನೀವು ನಾಳೆ ಮಕ್ಕಳಿಗೆ ಹೇಳಲೇಬೇಕಾಗುತ್ತದೆ, ಇಲ್ಲದಿದ್ದರೆ ಪಾಠವೇ ನಡೆಯುವುದಿಲ್ಲ. ಬದಲಾಗಬೇಕಾದದ್ದು ಖಾತೆಗಳ ಏರ್ಪಾಡು.

ಉಬುಂಟು ಹಾಕುವಾಗ ಮೊದಲು ರಚನೆಯಾಗುವ ಖಾತೆ ತಾನಾಗಿಯೇ ‘ಸುಡೊ’ ಗುಂಪಿಗೆ ಸೇರುತ್ತದೆ. ಆ ಗುಂಪಿನಲ್ಲಿ ಇರುವವರು ತಮ್ಮದೇ ಪಾಸ್‌ವರ್ಡ್ ಕೊಟ್ಟು, ಕಂಪ್ಯೂಟರಿನ ಸರ್ವಾಧಿಕಾರಿ ಖಾತೆಯಾದ ‘ರೂಟ್’ ಮಾಡಬಲ್ಲ ಎಲ್ಲವನ್ನೂ ಮಾಡಬಹುದು. ರೂಟ್ ಖಾತೆಗೆ ಉಬುಂಟುವಿನಲ್ಲಿ ಪಾಸ್‌ವರ್ಡ್ ಇರುವುದಿಲ್ಲ. ಅದಕ್ಕೆ ಬೀಗ ಬಿದ್ದಿರುತ್ತದೆ. 1980ರ ಸುಮಾರಿಗೆ ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯದ ಬಫಲೊ ಕೇಂದ್ರದಲ್ಲಿ ಬಾಬ್ ಕಾಗ್‌ಶಾಲ್ ಮತ್ತು ಕ್ಲಿಫ್ ಸ್ಪೆನ್ಸರ್ ಈ ಅಧಿಕಾರ ಕೊಡುವ ‘ಸುಡೊ’ ಕಮಾಂಡನ್ನು ರೂಪಿಸಿದರು. ಅಡ್ಮಿನ್‌ಗಳು ಎಷ್ಟೇ ಜನರಿದ್ದರೂ ಯಾರೂ ಯಾರ ಜೊತೆಗೂ ಪಾಸ್‌ವರ್ಡ್ ಹಂಚಿಕೊಳ್ಳಬೇಕಿಲ್ಲ ಎಂಬುದೇ ಅದರಿಂದ ಆಗುವ ದೊಡ್ಡ ಅನುಕೂಲ. ಒಂದೇ ಖಾತೆಯನ್ನು ಎಲ್ಲರಿಗೂ ಕೊಟ್ಟರೆ ಆ ಅನುಕೂಲವೇ ಕೈತಪ್ಪುತ್ತದೆ. ಇನ್ನೊಂದು ನಷ್ಟವೂ ಇದೆ. ಸುಡೊ ಮೂಲಕ ಯಾರು, ಯಾವಾಗ, ಯಾವ ಕಮಾಂಡ್ ಕೊಟ್ಟರು ಎಂಬುದು ‘ಆಥ್ ಲಾಗ್’ ಎಂಬ ಫೈಲಿನಲ್ಲಿ ದಾಖಲಾಗುತ್ತದೆ. ನಿಮ್ಮ ಲ್ಯಾಬ್‌ನಲ್ಲಿ ಅದನ್ನು ತೆರೆದರೆ ಪ್ರತಿ ಸಾಲಿನಲ್ಲೂ ಒಂದೇ ಹೆಸರು ಕಾಣುತ್ತದೆ. ತಪ್ಪು ಮಾಡದ ಮಗುವಿನ ಮೇಲೂ ಅನುಮಾನ ಬರುತ್ತದೆ, ಇದು ನನಗೆ ಎಲ್ಲಕ್ಕಿಂತ ಬೇಸರ ತರುವ ಸಂಗತಿ.

ಹೀಗೆ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಯೂಸರ್ಸ್ ತೆರೆದು, ಮೇಲಿನ ಅನ್‌ಲಾಕ್ ಗುಂಡಿ ಒತ್ತಿ. ‘ವಿದ್ಯಾರ್ಥಿ’ ಎಂಬ ಹೊಸ ಖಾತೆ ಮಾಡಿ, ಅಡ್ಮಿನಿಸ್ಟ್ರೇಟರ್ ಸ್ವಿಚ್ಚನ್ನು ಮುಟ್ಟಬೇಡಿ. ಮಕ್ಕಳು ಇನ್ನು ಮುಂದೆ ಬಳಸುವುದು ಇದನ್ನೇ. ಹಳೆಯ ಖಾತೆಯ ಪಾಸ್‌ವರ್ಡ್ ಬದಲಿಸಿ ನಿಮ್ಮ ಬಳಿ ಇಟ್ಟುಕೊಳ್ಳಿ. ಆಮೇಲೆ ಎರಡನೆಯ ಅಡ್ಮಿನ್ ಖಾತೆಯೊಂದನ್ನು ಸಹೋದ್ಯೋಗಿಯ ಹೆಸರಿನಲ್ಲಿ ಮಾಡಿ. ಇದನ್ನು ದಯವಿಟ್ಟು ಬಿಡಬೇಡಿ. ವರ್ಗಾವಣೆಯಾದ ಶಿಕ್ಷಕರ ಜೊತೆಗೇ ಪಾಸ್‌ವರ್ಡ್ ಕೂಡ ಊರು ಬಿಟ್ಟು, ಒಳ್ಳೆಯ ಕಂಪ್ಯೂಟರ್‌ಗಳು ಮೂಲೆ ಸೇರಿಬಿಡುತ್ತವೆ.

‘ಪ್ರಿಂಟರ್‌ಗೆ ಏನು ಮಾಡುವುದು?’ ಎಂದು ಕೇಳುತ್ತೀರಿ. ಪ್ರಿಂಟರ್ ನಿರ್ವಹಣೆಗೆ ‘ಎಲ್‌ಪಿ ಅಡ್ಮಿನ್’ ಎಂಬ ಪ್ರತ್ಯೇಕ ಗುಂಪಿದೆ. ಲ್ಯಾಬ್ ನೋಡಿಕೊಳ್ಳುವ ಸಹಾಯಕರನ್ನು ಆ ಗುಂಪಿಗೆ ಸೇರಿಸಿದರೆ ಅವರು ಪ್ರಿಂಟರ್ ಸರಿಪಡಿಸಬಹುದು, ಉಳಿದ ವ್ಯವಸ್ಥೆಗೆ ಕೈ ಹಾಕಲಾಗದು. ತಂತ್ರಾಂಶಗಳನ್ನು ನೀವು ಒಮ್ಮೆ ಹಾಕಿದರೆ ಎಲ್ಲ ಖಾತೆಗಳಿಗೂ ಸಿಗುತ್ತವೆ. ಭದ್ರತಾ ಅಪ್‌ಡೇಟ್‌ಗಳು ಉಬುಂಟುವಿನಲ್ಲಿ ತಾವಾಗಿಯೇ ಬಂದು ಕೂರುವುದರಿಂದ ಅದಕ್ಕಾಗಿ ಮಕ್ಕಳಿಗೆ ಅಧಿಕಾರ ಕೊಡುವ ಅಗತ್ಯವಿಲ್ಲ.

ಪ್ರಶ್ನೆ: ‘ಅಡ್ಮಿನ್ ಅಧಿಕಾರ ದಿನಬಳಕೆಗೆ ಬೇಡ’ ಎಂದು ಓದಿ, ಕಮಾಂಡ್ ಬರೆಯುವ ಕಿಟಕಿಯಾದ ಟರ್ಮಿನಲ್‌ನಲ್ಲಿ ನನ್ನ ಖಾತೆಯನ್ನು ಸುಡೊ ಗುಂಪಿನಿಂದ ತೆಗೆದುಬಿಟ್ಟೆ. ಮನೆಯ ಉಬುಂಟು ಕಂಪ್ಯೂಟರಿನಲ್ಲಿ ಬೇರೆ ಖಾತೆಯೇ ಇಲ್ಲ. ಈಗ ಸುಡೊ ಎಂದರೆ ‘ಈ ಬಳಕೆದಾರ ಸುಡೊಯರ್ಸ್ ಫೈಲಿನಲ್ಲಿ ಇಲ್ಲ’ (ಸುಡೊ ಬಳಸಲು ಯಾರಿಗೆ ಅನುಮತಿ ಎಂದು ಬರೆದಿರುವ ಫೈಲು ಅದು) ಎನ್ನುತ್ತದೆ. ಎಲ್ಲ ಅಳಿಸಿ ಹೊಸದಾಗಿ ಹಾಕಬೇಕೆ?
– ಓದುಗರು, ಶಿರಸಿ

ಉತ್ತರ: ಖಂಡಿತ ಬೇಡ. ನಿಮ್ಮ ಫೋಟೊ, ದಾಖಲೆಗಳೆಲ್ಲ ಸುರಕ್ಷಿತವಾಗಿವೆ. ಹತ್ತು ನಿಮಿಷದ ಕೆಲಸ.

ಕಂಪ್ಯೂಟರ್ ಮರುಚಾಲನೆ ಮಾಡಿ. ತಯಾರಕರ ಲಾಂಛನ ಮರೆಯಾಗುತ್ತಿದ್ದಂತೆ ಎಸ್ಕೇಪ್ ಕೀ ಒತ್ತಿ. ಹಳೆಯ ಬಯಾಸ್ (ಕಂಪ್ಯೂಟರ್ ಶುರುವಾಗುವಾಗ ಮೊದಲು ಓಡುವ ತಂತ್ರಾಂಶ) ಯಂತ್ರವಾದರೆ ಶಿಫ್ಟ್ ಕೀ ಹಿಡಿದುಕೊಳ್ಳಿ. ಉಬುಂಟು ಹೇಗೆ ಶುರುವಾಗಬೇಕೆಂದು ಆರಿಸುವ ‘ಗ್ರಬ್’ ಮೆನು ಬರುತ್ತದೆ. ಅದರಲ್ಲಿ ಅಡ್ವಾನ್ಸ್‌ಡ್ ಆಪ್ಷನ್ಸ್, ನಂತರ ಕೊನೆಯಲ್ಲಿ ರಿಕವರಿ ಮೋಡ್ ಎಂದಿರುವ ಮೊದಲ ಸಾಲನ್ನು ಆರಿಸಿ. ಪರದೆಯ ತುಂಬ ಅಕ್ಷರಗಳು ಓಡುತ್ತವೆ, ಗಾಬರಿಯಾಗಬೇಡಿ. ಬರುವ ಪಟ್ಟಿಯಲ್ಲಿ ‘ರೂಟ್’ ಆರಿಸಿ ಎಂಟರ್ ಒತ್ತಿದರೆ ಕಮಾಂಡ್ ಬರೆಯುವ ಜಾಗ ತೆರೆಯುತ್ತದೆ. ಇಲ್ಲಿ ಡಿಸ್ಕ್ ಕೆಲವೊಮ್ಮೆ ಓದಲು ಮಾತ್ರ ಲಭ್ಯವಿರುತ್ತದೆ. ಆದ್ದರಿಂದ ಮೊದಲು ‘ಮೌಂಟ್’ ಕಮಾಂಡ್‌ನ ‘ರಿಮೌಂಟ್’ ಆಯ್ಕೆ ಬಳಸಿ, ಅದನ್ನು ಬರೆಯಲೂ ಆಗುವಂತೆ ಮರುಜೋಡಿಸಿ. ಬಳಿಕ ‘ಆಡ್‌ಯೂಸರ್’ ಎಂದು ಬರೆದು, ಜಾಗ ಬಿಟ್ಟು ನಿಮ್ಮ ಬಳಕೆದಾರ ಹೆಸರು, ಮತ್ತೆ ಜಾಗ ಬಿಟ್ಟು ‘ಸುಡೊ’ ಎಂದು ಬರೆಯಿರಿ. ಎಂಟರ್ ಒತ್ತಿ, ಮರುಚಾಲನೆ ಮಾಡಿ. ಗುಂಪಿನ ಸದಸ್ಯತ್ವ ಲಾಗಿನ್ ಆಗುವಾಗಲೇ ಜಾರಿಗೆ ಬರುವುದರಿಂದ, ಮುಂದೆ ಎಂದಾದರೂ ಗುಂಪು ಬದಲಿಸಿದರೆ ಲಾಗ್‌ಔಟ್ ಆಗಿ ಬಂದ ಮೇಲೆಯೇ ಪರೀಕ್ಷಿಸಿ.

ನೀವು ಓದಿದ ಸಲಹೆ ಸರಿಯಾದದ್ದೇ, ಕ್ರಮ ಮಾತ್ರ ತಿರುಗುಮುರುಗಾಯಿತು. ಮೊದಲು ಇನ್ನೊಂದು ಅಡ್ಮಿನ್ ಖಾತೆ ಮಾಡಿ, ಅದರಲ್ಲಿ ಲಾಗಿನ್ ಆಗಿ, ಸುಡೊ ಕೆಲಸ ಮಾಡುತ್ತದೆಂದು ಕಣ್ಣಾರೆ ಕಂಡ ಬಳಿಕವೇ ದಿನಬಳಕೆಯ ಖಾತೆಯ ಅಧಿಕಾರ ತೆಗೆಯಿರಿ.

ಪಾಸ್‌ವರ್ಡ್ ಮರೆತವರಿಗೂ ಇದೇ ದಾರಿ. ಆಡ್‌ಯೂಸರ್ ಬದಲು ‘ಪಾಸ್‌ವರ್ಡ್’ ಕಮಾಂಡ್. ಇಂಗ್ಲಿಷ್‌ನಲ್ಲಿ ಅದರ ಕಾಗುಣಿತ ಪಿ, ಎ, ಎಸ್, ಎಸ್, ಡಬ್ಲ್ಯೂ, ಡಿ. ಅದರ ಮುಂದೆ ಬಳಕೆದಾರ ಹೆಸರು ಮಾತ್ರ ಸಾಕು, ‘ಸುಡೊ’ ಬೇಡ. ಆದರೆ ಉಳಿಸಿಟ್ಟ ಗುಪ್ತಪದಗಳ ‘ಕೀರಿಂಗ್’ ಹಳೆಯ ಪಾಸ್‌ವರ್ಡ್‌ನಲ್ಲೇ ಉಳಿದಿರುತ್ತದೆ. ಅದು ನೆನಪಿಲ್ಲದಿದ್ದರೆ ಅದರೊಳಗಿನವು ಸಿಗುವುದಿಲ್ಲ.

ಇಷ್ಟು ಸುಲಭವಾಗಿ ನೀವು ಒಳಹೊಕ್ಕಿರೆಂದರೆ ಬೇರೆಯವರೂ ಹೊಕ್ಕಾರು. ಲ್ಯಾಪ್‌ಟಾಪ್ ಆದರೆ ಉಬುಂಟು ಹಾಕುವಾಗಲೇ ಡಿಸ್ಕ್ ಎನ್‌ಕ್ರಿಪ್ಷನ್ (ಪಾಸ್‌ವರ್ಡ್ ಇಲ್ಲದೆ ಡಿಸ್ಕ್ ಓದಲಾಗದಂತೆ ಮಾಡುವ ಬೀಗ) ಆರಿಸುವುದು ಇದಕ್ಕೆ ಗಟ್ಟಿ ಪರಿಹಾರ. ಹಾವೇರಿಯ ಶಿಕ್ಷಕಿಯವರು ಗ್ರಬ್ ಮೆನುವಿಗೂ ಬಯಾಸ್‌ಗೂ ಪಾಸ್‌ವರ್ಡ್ ಹಾಕಿಸಲಿ.

ಪ್ರಶ್ನೆ: ಪ್ರತಿ ಸಲ ಪಾಸ್‌ವರ್ಡ್ ಬರೆದು ಸಾಕಾಗಿದೆ. ಸುಡೊಯರ್ಸ್ ಫೈಲಿಗೆ ‘ನೋಪಾಸ್‌ವರ್ಡ್’ ಸಾಲು ಸೇರಿಸಿದರೆ ಕೇಳುವುದೇ ಇಲ್ಲವಂತೆ. ಸೇರಿಸಲೆ?
– ಓದುಗರು, ಮೈಸೂರು

ಉತ್ತರ: ಎಲ್ಲ ಕಮಾಂಡ್‌ಗಳಿಗೂ ಅನ್ವಯಿಸುವಂತೆ ಸೇರಿಸಬೇಡಿ. ಹಾಗೆ ಮಾಡಿದರೆ ನಿಮ್ಮ ಹೆಸರಿನಲ್ಲಿ ಓಡುವ ಯಾವುದೇ ಪ್ರೋಗ್ರಾಮ್, ನೀವು ತಿಳಿಯದೆ ಇಳಿಸಿಕೊಂಡ ಸ್ಕ್ರಿಪ್ಟ್ (ಕಮಾಂಡ್‌ಗಳ ಪಟ್ಟಿಯಿರುವ ಫೈಲು) ಕೂಡ, ನಿಮ್ಮನ್ನು ಕೇಳದೆಯೇ ರೂಟ್ ಆಗಬಹುದು. ಬ್ಯಾಕಪ್‌ನಂತಹ ಒಂದೇ ನಿರ್ದಿಷ್ಟ ಕೆಲಸಕ್ಕೆ ಬೇಕಿದ್ದರೆ ಆ ಸ್ಕ್ರಿಪ್ಟಿನ ಪೂರ್ಣ ವಿಳಾಸ ಕೊಟ್ಟು, ಅದೊಂದಕ್ಕೆ ಮಾತ್ರ ವಿನಾಯಿತಿ ಕೊಡಿ. ಸ್ಕ್ರಿಪ್ಟಿನ ಒಡೆತನ ರೂಟ್‌ನದಾಗಿರಲಿ, ಅದು ರೂಟ್‌ಗೆ ಸೇರಿದ ಫೋಲ್ಡರಿನಲ್ಲೇ ಇರಲಿ. ನಿಮ್ಮ ಖಾತೆಯಿಂದ ಅದನ್ನು ತಿದ್ದಲು ಸಾಧ್ಯವಿದ್ದರೆ, ಪೂರ್ತಿ ಅಧಿಕಾರ ಕೊಟ್ಟಂತೆಯೇ. ಪಠ್ಯ ಸಂಪಾದಕಕ್ಕಂತೂ ಈ ವಿನಾಯಿತಿ ಎಂದೂ ಬೇಡ.

ಆ ಫೈಲನ್ನು ಸಾಮಾನ್ಯ ಸಂಪಾದಕದಲ್ಲಿ ತೆರೆಯದೆ ‘ವಿಸುಡೊ’ ಮೂಲಕವೇ ತಿದ್ದಿ. ಉಳಿಸುವ ಮುನ್ನ ಅದು ವ್ಯಾಕರಣ ಪರಿಶೀಲಿಸಿ, ತಪ್ಪಿದ್ದರೆ ತಡೆದು ಎಚ್ಚರಿಸುತ್ತದೆ.

ಅಂದಹಾಗೆ, ಉಬುಂಟು 24.04ರಲ್ಲಿ ಒಮ್ಮೆ ಪಾಸ್‌ವರ್ಡ್ ಕೊಟ್ಟರೆ ಅದೇ ಟರ್ಮಿನಲ್‌ನಲ್ಲಿ 15 ನಿಮಿಷ ಮತ್ತೆ ಕೇಳುವುದಿಲ್ಲ. ಪ್ರತಿ ಕಮಾಂಡ್‌ಗೂ ಹೊಸ ಟರ್ಮಿನಲ್ ತೆರೆಯುವ ಅಭ್ಯಾಸವಿದ್ದರೆ ಅದನ್ನು ಬಿಟ್ಟು ನೋಡಿ. ಆ 15 ನಿಮಿಷದೊಳಗೆ ಕುರ್ಚಿ ಬಿಟ್ಟು ಏಳಬೇಕಾದರೆ, ಸುಡೊ ಬರೆದು ಜಾಗ ಬಿಟ್ಟು, ಅಡ್ಡಗೆರೆಯ ಪಕ್ಕದಲ್ಲಿ ಚಿಕ್ಕ ‘ಕೆ’ ಅಕ್ಷರ ಒತ್ತಿ ಎಂಟರ್ ಮಾಡಿ. ಮುಂದಿನ ಸುಡೊಗೆ ಅದು ಪಾಸ್‌ವರ್ಡ್ ಕೇಳಿಯೇ ಕೇಳುತ್ತದೆ.