ಬೆಳಗ್ಗೆ ಓಟ, ಸಂಜೆ ಪರೇಡ್: ಯಾರೂ ಕೂಡಿಸದ ಲೆಕ್ಕ

ಸರ್ಕಾರಿ ಪ್ರೌಢಶಾಲೆಯ ಒಂಬತ್ತನೇ ತರಗತಿ ಹುಡುಗಿ, ವಯಸ್ಸು 14. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದೆ. 800 ಮೀಟರ್ ಓಟಗಾರ್ತಿ, ಜೊತೆಗೆ ಎನ್‌ಸಿಸಿ ಜೂನಿಯರ್ ವಿಂಗ್ ಕೆಡೆಟ್. ಶಾಲೆಯಿಂದ ಸಲಹೆಗಾರರಿಗೆ ಬಂದ ಚೀಟಿಯಲ್ಲಿ ಇದ್ದದ್ದು ಎರಡೇ ಮಾತು: ಏಕಾಗ್ರತೆ ಇಲ್ಲ, ಅಭ್ಯಾಸ ತಪ್ಪಿಸಲು ನೆಪ ಹೇಳುತ್ತಾಳೆ. ಆಗಸ್ಟ್ ಮೊದಲ ವಾರ ಪರೇಡ್ ರಿಹರ್ಸಲ್‌ನಲ್ಲಿ ತಲೆಸುತ್ತಿ ಬಿದ್ದದ್ದು ಚೀಟಿಯಲ್ಲಿರಲಿಲ್ಲ. ಅದನ್ನು ಹೇಳಿದ್ದು ತಾಯಿ.

ಮನಸ್ಸಿನ ವಿಷಯಕ್ಕೆ ಹೋಗುವ ಮೊದಲು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಏಳು ಮನೆ ಎಳೆದು, ವಾರದ ತಾಸುಗಳನ್ನು ಅವಳ ಕೈಯಲ್ಲೇ ಬರೆಸಲಾಯಿತು. ಜೂನ್‌ನಲ್ಲಿ ವಾರಕ್ಕೆ ಮೂರು ಬೆಳಗ್ಗೆ ಒಂದೂವರೆ ತಾಸು ಓಟ, ಶನಿವಾರ ಎರಡು ತಾಸು ಪರೇಡ್. ಒಟ್ಟು ಆರೂವರೆ. ಹೋಬಳಿ ಕ್ರೀಡಾಕೂಟ ಹತ್ತಿರ ಬಂದಿದ್ದಕ್ಕೆ ಓಟ ಆರು ದಿನವಾಯಿತು. ಸ್ವಾತಂತ್ರ್ಯ ದಿನದ ಪಥಸಂಚಲನಕ್ಕೆಂದು ಶನಿವಾರದ ಪರೇಡ್ ಬದಲು ಸಂಜೆ ನಾಲ್ಕು ದಿನ ಒಂದೂವರೆ ತಾಸು, ಭಾನುವಾರ ಮೂರು ತಾಸು ಬಂತು. ಈಗ ಹದಿನೆಂಟು ತಾಸು, ಬಿಡುವಿನ ದಿನ ಒಂದೂ ಇಲ್ಲ. ಈ ವಯಸ್ಸಿನ ಮಕ್ಕಳಿಗೆ ವಾರದ ತರಬೇತಿಯ ತಾಸು ಅವರ ವಯಸ್ಸಿನ ಅಂಕಿ ದಾಟಬಾರದು, ವಾರದಲ್ಲಿ ಒಂದು ದಿನವಾದರೂ ಪೂರ್ತಿ ಬಿಡುವಿರಬೇಕು ಎಂಬುದು ಕ್ರೀಡಾವೈದ್ಯರು ಬಳಸುವ ಸರಳ ಅಳತೆ. ದೈಹಿಕ ಶಿಕ್ಷಕರಿಗೆ ಅವರ ಒಂಬತ್ತು ತಾಸು ಗೊತ್ತಿತ್ತು, ಎನ್‌ಸಿಸಿ ನೋಡಿಕೊಳ್ಳುವ ಮೇಡಂಗೆ ಅವರ ಒಂಬತ್ತು. ಎರಡನ್ನೂ ಕೂಡಿಸಿ ನೋಡಿದವರೇ ಇರಲಿಲ್ಲ.

ಹಾಳೆ ತುಂಬಿದ ಮೇಲೆ ಅವಳೇ ಬಾಯಿಬಿಟ್ಟಳು. “ಇಬ್ರಿಗೂ ಹ್ಞೂಂ ಅಂದ್ಬಿಟ್ಟಿದ್ದೀನಿ ಮಿಸ್. ಸರ್ ತಮ್ಮ ದುಡ್ಡಲ್ಲಿ ಸ್ಪೈಕ್ಸ್ ತಂದ್ಕೊಟ್ಟಿದ್ದಾರೆ. ಮೇಡಂ ಮುಂದಿನ ಸಾಲಿಗೆ ಹಾಕಿದ್ದಾರೆ. ಯಾರಿಗೆ ಆಗಲ್ಲ ಅನ್ಲಿ?” ಎಲ್ಲಿ ನೋವು ಎಂದು ಕೇಳಿದಾಗ ಹೆಬ್ಬೆರಳನ್ನು ಮೊಣಕಾಲಿನ ಕೆಳಗಿನ ಮೂಳೆಯ ಒಳಅಂಚಿನ ಮೇಲೆ ಒಂದು ಗೇಣು ಎಳೆದು ತೋರಿಸಿದಳು. ನೋವು ಹೀಗೆ ಉದ್ದಕ್ಕೆ ಹರಡಿದ್ದರೆ ಅದು ಸಾಮಾನ್ಯವಾಗಿ ಅತಿ ಶ್ರಮದ ನೋವು. ಒಂದೇ ಬೆರಳಿನಷ್ಟು ಜಾಗದಲ್ಲಿ ಚುಚ್ಚಿ, ರಾತ್ರಿಯೂ ಕಾಡಿ, ಒಂಟಿ ಕಾಲಲ್ಲಿ ಕುಪ್ಪಳಿಸಲು ಬಿಡದಿದ್ದರೆ ಮೂಳೆಯಲ್ಲಿ ಕೂದಲೆಳೆಯ ಬಿರುಕಿರಬಹುದು. ಮೊದಲ ಎರಡು ಮೂರು ವಾರ ಅದು ಎಕ್ಸ್‌ರೇಯಲ್ಲಿ ಕಾಣದೆಯೂ ಹೋಗಬಹುದು, ಹಾಗಾಗಿ ‘ಎಕ್ಸ್‌ರೇ ಸರಿಯಿದೆ, ಓಡು’ ಎನ್ನುವುದು ಅಪಾಯ. ಇಂಥದ್ದನ್ನು ಸಲಹಾ ಕೋಣೆಯಲ್ಲಿ ತೀರ್ಮಾನಿಸಬಾರದು. ತಾಲ್ಲೂಕು ಆಸ್ಪತ್ರೆಗೆ ಕಳಿಸಲಾಯಿತು. ಬಿರುಕಿನ ಲಕ್ಷಣ ಇರಲಿಲ್ಲ. ಆದರೆ ಹಿಮೋಗ್ಲೋಬಿನ್ 9.8 ಬಂತು, ಈ ವಯಸ್ಸಿನ ಹುಡುಗಿಗೆ 12 ಇರಬೇಕು. ‘ನೆಪ’ ಎಂದು ಬರೆದಿದ್ದು ರಕ್ತಹೀನತೆಯ ಈ ಸುಸ್ತನ್ನೇ.

ತಲೆಸುತ್ತಿಗೂ ಕಾರಣ ಸಿಕ್ಕಿತು. ಬೆಳಗ್ಗೆ ಐದೂವರೆಗೆ ಬರೀ ಟೀ, ಓಟದ ನಂತರ ಶಾಲೆಯ ಹಾಲು, ಮಧ್ಯಾಹ್ನದ ಬಿಸಿಯೂಟವೂ ಅರ್ಧಂಬರ್ಧ. ಸೋಮವಾರದ ಕಬ್ಬಿಣಾಂಶದ ನೀಲಿ ಮಾತ್ರೆ ಖಾಲಿ ಹೊಟ್ಟೆಯಲ್ಲಿ ವಾಕರಿಕೆ ತರುತ್ತಿದ್ದುದರಿಂದ ಕಾಂಪೌಂಡ್ ಆಚೆ ಹೋಗುತ್ತಿತ್ತು. ಅದರ ಮೇಲೆ ಮೊಣಕಾಲು ಬಿಗಿದು ‘ಸಾವಧಾನ್’ನಲ್ಲಿ ನಿಂತರೆ ರಕ್ತ ಕಾಲಿಗಿಳಿದು ಮಿದುಳಿಗೆ ಕಡಿಮೆಯಾಗುತ್ತದೆ. ಹೀಗೆ ನಿಲ್ಲುವ ಎಲ್ಲ ಮಕ್ಕಳಿಗೂ ಹೇಳಬೇಕಾದದ್ದು: ಒಂದು ತಾಸು ಮೊದಲೇ ಎರಡು ಲೋಟ ನೀರು, ಮೊಣಕಾಲು ಸಡಿಲ, ಬೂಟಿನೊಳಗೆ ಬೆರಳು ಆಡಿಸುತ್ತಾ ಮೀನಖಂಡ ಬಿಗಿದು ಬಿಡುವುದು. ಕಣ್ಣು ಮಂಕಾದ ಕ್ಷಣ ಅಲ್ಲೇ ಕೂತುಬಿಡಬೇಕು. ಶಿಸ್ತು ತಪ್ಪಿತು ಎಂದು ಆಗ ಗದರಿಸುವವರೇ ಮಗುವನ್ನು ಬೀಳಿಸುತ್ತಾರೆ. ಬಿದ್ದರೆ ಮಲಗಿಸಿ ಕಾಲೆತ್ತಿ ಹಿಡಿಯಬೇಕು, ಪೂರ್ತಿ ಎಚ್ಚರವಾಗುವ ತನಕ ಬಾಯಿಗೆ ನೀರು ಹಾಕಬಾರದು.

ಸಲಹೆಯ ಮುಖ್ಯ ಭಾಗ ‘ಆಗಲ್ಲ’ ಎನ್ನುವುದನ್ನು ಕಲಿಸುವುದಾಗಿತ್ತು. ಧೈರ್ಯವಾಗಿ ಮಾತಾಡು ಎಂದು ಉಪದೇಶಿಸಿದರೆ ಮಗುವಿಗೆ ಏನೂ ಸಿಗುವುದಿಲ್ಲ, ಬಾಯಿಗೆ ವಾಕ್ಯ ಸಿಗಬೇಕು. “ಸರ್, ಇವತ್ತು ನೋವು ಹತ್ತಕ್ಕೆ ಐದಿದೆ. ಓಡಲ್ಲ, ವಾರ್ಮ್‌ಅಪ್ ಮಾಡ್ತೀನಿ.” ನೋವಿಗೆ ಅಂಕಿ, ಜೊತೆಗೆ ಮಾಡಬಲ್ಲ ಒಂದು ಕೆಲಸ. ಸಲಹೆಗಾರರು ಸರ್ ಆಗಿ ದನಿ ಏರಿಸಿ ಕೇಳಿದರು. ಮೊದಲ ಸಲ ಅವಳು “ಸಾರಿ ಸರ್, ಓಡ್ತೀನಿ” ಎಂದುಬಿಟ್ಟಳು. ನಾಲ್ಕನೇ ಸಲಕ್ಕೆ ವಾಕ್ಯ ಪೂರ್ತಿಯಾಯಿತು.

ನಂತರ ಅವಳ ಒಪ್ಪಿಗೆ ಪಡೆದು ಇಬ್ಬರು ಶಿಕ್ಷಕರನ್ನೂ ತಾಯಿಯನ್ನೂ ಒಂದೇ ಮೇಜಿಗೆ ಕೂರಿಸಲಾಯಿತು. ಸಲಹಾ ಕೋಣೆಯಲ್ಲಿ ಹೇಳಿಕೊಂಡಿದ್ದ ಮುಟ್ಟಿನ ವಿಷಯವನ್ನು ಅಲ್ಲಿ ಹೇಳಬಾರದೆಂದು ಅವಳು ಕೇಳಿಕೊಂಡಿದ್ದಳು, ಹೇಳಲಿಲ್ಲ. ಹದಿನೆಂಟು ಎಂಬ ಮೊತ್ತ ನೋಡಿ ಇಬ್ಬರೂ ಸುಮ್ಮನಾದರು, ವಾದ ಬೇಕಾಗಲಿಲ್ಲ. ವೈದ್ಯರ ಮಾತಿನಂತೆ ಎರಡು ವಾರ ಓಟವೂ ಇಲ್ಲ, ಸಿಮೆಂಟ್ ಅಂಗಳದಲ್ಲಿ ಕಾಲು ಕುಟ್ಟುವುದೂ ಇಲ್ಲ. ಎನ್‌ಸಿಸಿಯ ‘ಎ’ ಸರ್ಟಿಫಿಕೇಟಿಗೆ ಶೇ. 75 ಹಾಜರಿ ಬೇಕು, ಅದು ಹೋಗುತ್ತದೆಂಬ ಭಯ ಅವಳಿಗೆ. ಬದಿಯಲ್ಲಿ ಕೂತು ನೋಡಿದರೂ ಹಾಜರಿ ಎಂದರು ಮೇಡಂ. ಇಲ್ಲಿ ನಮ್ಮ ಯೋಜನೆಯೇ ಎಡವಿತು. ಎರಡು ಸಂಜೆ ಸುಮ್ಮನೆ ಕೂತವಳು ಮೂರನೇ ದಿನ ಬರಲಿಲ್ಲ. ಗೆಳತಿಯರ ಕಣ್ಣೆದುರು ಖಾಲಿ ಕೂರುವುದು ಆ ವಯಸ್ಸಿಗೆ ಶಿಕ್ಷೆ. ಪ್ಲಟೂನಿಗೆ ಕಮಾಂಡ್ ಕೊಡುವ, ಬೆಳಗ್ಗೆ ಸ್ಟಾಪ್‌ವಾಚ್ ಹಿಡಿಯುವ ಕೆಲಸ ವಹಿಸಿದ ಮೇಲೆ ಮತ್ತೆ ಬಂದಳು.

ಊಟದಲ್ಲಿ ಮಾಡಿದ ಬದಲಾವಣೆ ಚಿಕ್ಕದು. ಓಟಕ್ಕೆ ಮೊದಲು ಬಾಳೆಹಣ್ಣು, ಮುಗಿದ ಮೇಲೆ ಹುರಿದ ಕಡಲೆಕಾಯಿ ಬೆಲ್ಲ, ಟೀ ಊಟಕ್ಕೆ ಒಂದು ತಾಸು ಆಚೆ. ವೈದ್ಯರು ಕೊಟ್ಟ ಮಾತ್ರೆ ಊಟದ ನಂತರ ನಿಂಬೆಪಾನಕದ ಜೊತೆ.

ಮತ್ತೆ ಓಡುವುದಕ್ಕೆ ಅರ್ಧ ತಾಸು ನೋವಿಲ್ಲದ ನಡಿಗೆ ಮೊದಲ ಮೆಟ್ಟಿಲು. ಆಮೇಲೆ ದಿನ ಬಿಟ್ಟು ದಿನ ಮಣ್ಣಿನ ಮೇಲೆ ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆ, ಹತ್ತು ಸಲ. ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು 15ರಂತೆ ಮೂರು ಸುತ್ತು. ನೋವು ಹತ್ತಕ್ಕೆ ಮೂರು ದಾಟಿದರೆ ಅಂದಿಗೆ ನಿಲ್ಲಿಸುವುದು. ಬೂಟು ಒಂದು ಅಳತೆ ದೊಡ್ಡದಿತ್ತು, ಮುಂದೆ ಪೇಪರ್ ತುರುಕಿಕೊಂಡಿದ್ದಳು. ಅದನ್ನು ಬದಲಿಸಿಕೊಟ್ಟರು.

ಹೋಬಳಿ ಕೂಟದಲ್ಲಿ ಅವಳು ಓಡಲಿಲ್ಲ, ಒಂದು ಸಂಜೆ ಅತ್ತಳು. ಆ ಅಳುವಿಗೆ ಸಮಾಧಾನದ ಮಾತು ಹೇಳದೆ ಜೊತೆಗೆ ಕೂತದ್ದೇ ಸರಿಯಾಯಿತು. ಈಗ ವಾರದ ಹಾಳೆ ದೈಹಿಕ ಶಿಕ್ಷಕರ ಕೋಣೆಯ ಗೋಡೆಯಲ್ಲಿದೆ. ಎರಡೂ ಕಡೆಯ ತಾಸುಗಳನ್ನು ಶನಿವಾರ ಅವಳೇ ಕೂಡಿಸಿ ಬರೆಯುತ್ತಾಳೆ. ಹತ್ತು ದಿನದ ಎನ್‌ಸಿಸಿ ಶಿಬಿರ ಬಾಕಿಯಿದೆ. ಹೊರಡುವ ಮೊದಲು ಹಿಮೋಗ್ಲೋಬಿನ್ ಮತ್ತೊಮ್ಮೆ ನೋಡಿಸಿ, ಮಾತ್ರೆಯ ವಿವರ ಬರೆದ ವೈದ್ಯರ ಚೀಟಿ ಮೇಡಂ ಕೈಗೆ ಕೊಡಲು ತಾಯಿಗೆ ಹೇಳಿದೆ.